ಹಾರ್ಮೋನು ಪಾಠದಲ್ಲಿ ಗಡಿಯಾರವಿಲ್ಲ

ಪ್ರೌಢಶಾಲೆಯಲ್ಲಿ ನಿರ್ನಾಳ ಗ್ರಂಥಿಗಳ ಪಾಠ ಬಹುಮಟ್ಟಿಗೆ ಒಂದು ಕೋಷ್ಟಕದಲ್ಲಿ ಮುಗಿದುಹೋಗುತ್ತದೆ: ಗ್ರಂಥಿ, ಅದು ಸ್ರವಿಸುವ ಹಾರ್ಮೋನು, ಅದರ ಕಾರ್ಯ. ಪರೀಕ್ಷೆಗೆ ಇದು ಅನುಕೂಲವೇ. ಆದರೆ ಓಡುವ, ಬೆವರುವ, ದಣಿಯುವ ದೇಹವನ್ನು ಅರಿಯಲು ಸಾಲದು. ಭೌತವಿಜ್ಞಾನದ ಅಧ್ಯಾಪಕನಾದ ನನಗೆ ಅಲ್ಲಿ ಮೂರು ಪ್ರಶ್ನೆಗಳು ಕಾಣೆಯಾಗಿವೆ. ಎಷ್ಟು ಹೊತ್ತಿನಲ್ಲಿ? ಎಷ್ಟು ಪ್ರಮಾಣದಲ್ಲಿ? ಏರುತ್ತದೆಯೋ, ಇಳಿಯುತ್ತದೆಯೋ?

ಹತ್ತನೆಯ ತರಗತಿಯ ಪಠ್ಯ ಅಡ್ರಿನಲಿನ್ನಿನ ಕೆಲಸವನ್ನು ಚೆನ್ನಾಗಿಯೇ ವಿವರಿಸುತ್ತದೆ. ಹೃದಯದ ಬಡಿತ ಹೆಚ್ಚುತ್ತದೆ, ಜೀರ್ಣಾಂಗಗಳಿಗೆ ಹೋಗುವ ರಕ್ತ ಕಡಿಮೆಯಾಗಿ ಸ್ನಾಯುಗಳ ಕಡೆಗೆ ತಿರುಗುತ್ತದೆ, ಉಸಿರಾಟ ಚುರುಕಾಗುತ್ತದೆ. ಇದೆಲ್ಲ ಸರಿ. ಆದರೆ ಇದನ್ನು ಓದಿದ ವಿದ್ಯಾರ್ಥಿ, ಓಟಗಾರನ ವೇಗವೆಲ್ಲ ಅಡ್ರಿನಲಿನ್ನಿನದೇ ಎಂದು ತಿಳಿದರೆ ಅಚ್ಚರಿಯಿಲ್ಲ.

2020ರ ಫೆಬ್ರವರಿಯಲ್ಲಿ ಐಕಳದ ಕಂಬಳದಲ್ಲಿ ಶ್ರೀನಿವಾಸ ಗೌಡರು 142.5 ಮೀಟರ್ ದೂರವನ್ನು 13.62 ಸೆಕೆಂಡಿನಲ್ಲಿ ಕ್ರಮಿಸಿದರೆಂದು ವರದಿಯಾಯಿತು. ಕೋಣಗಳು ಎಳೆಯುವ ಓಟವನ್ನು ಉಸೇನ್ ಬೋಲ್ಟರ ಓಟಕ್ಕೆ ಹೋಲಿಸಿದ್ದು ಭೌತವಿಜ್ಞಾನಕ್ಕೆ ಒಪ್ಪುವಂಥದ್ದಲ್ಲ. ಹೊರಗಿನ ಬಲವೊಂದು ಅಲ್ಲಿದೆ. ಅದು ಹಾಗಿರಲಿ, ಕಾಲವನ್ನಷ್ಟೇ ನೋಡೋಣ. ನಮ್ಮ ದೇಹದಲ್ಲಿ ಸುಮಾರು 5 ಲೀಟರ್ ರಕ್ತವಿದೆ. ವಿಶ್ರಾಂತಿಯಲ್ಲಿ ಹೃದಯ ನಿಮಿಷಕ್ಕೆ ಸುಮಾರು 5 ಲೀಟರ್ ಒತ್ತುತ್ತದೆ. ಎಂದರೆ ಒಂದು ಸುತ್ತಿಗೆ 60 ಸೆಕೆಂಡು. ತೀವ್ರ ಶ್ರಮದಲ್ಲಿ 20 ಲೀಟರ್ ಒತ್ತಿದರೂ ಒಂದು ಸುತ್ತಿಗೆ 15 ಸೆಕೆಂಡು ಬೇಕು. ಓಟ ಶುರುವಾದ ಮೇಲೆ ಸ್ರವಿಸಿದ ಹಾರ್ಮೋನು ಕಾಲಿನ ಸ್ನಾಯುವನ್ನು ತಲಪುವ ಹೊತ್ತಿಗೆ ಇಂಥ ಓಟ ಮುಗಿಯುತ್ತ ಬಂದಿರುತ್ತದೆ!

ಹಾಗಾದರೆ ಆ ಕೆಲವು ಸೆಕೆಂಡುಗಳನ್ನು ನಿಭಾಯಿಸುವವರು ಯಾರು? ಮೊದಲನೆಯದು ನರವ್ಯೂಹ. ವೇಗಸ್ ನರದ ಹಿಡಿತ ಸಡಿಲವಾದೊಡನೆ ಒಂದೆರಡು ಬಡಿತಗಳಲ್ಲೇ ಹೃದಯದ ಗತಿ ಏರತೊಡಗುತ್ತದೆ. ಎರಡನೆಯದು ಸ್ನಾಯುವಿನಲ್ಲೇ ಶೇಖರವಾಗಿರುವ ಎಟಿಪಿ, ಕ್ರಿಯಾಟಿನ್ ಫಾಸ್ಫೇಟ್ ಮತ್ತು ಗ್ಲೈಕೋಜನ್. ಅಡ್ರಿನಲಿನ್ನಿಗೂ ಪಾತ್ರವಿದೆ, ಓಟದ ನಿರೀಕ್ಷೆಯಲ್ಲೇ, ಸೀಟಿ ಊದುವ ಮೊದಲೇ, ಅದು ರಕ್ತಕ್ಕೆ ಸೇರಿರುತ್ತದೆ.

ಇನ್ನು ಪ್ರಮಾಣದ ಮಾತು. ಸಂತೇಬೆನ್ನೂರು, ಚನ್ನಗಿರಿ ಸೀಮೆಯಲ್ಲಿ ವ್ಯಾಯಾಮವೆಂದರೆ ಮೈದಾನದ ಓಟ ಮಾತ್ರವಲ್ಲ, ಅಡಿಕೆ ಮರ ಹತ್ತುವುದೂ ಹೌದು. 60 ಕಿಲೋಗ್ರಾಂ ತೂಕದ ವ್ಯಕ್ತಿ 15 ಮೀಟರ್ ಏರಲು ಮಾಡುವ ಕೆಲಸ ಸುಮಾರು 8.8 ಕಿಲೋಜೂಲ್. ಸ್ನಾಯುಗಳ ದಕ್ಷತೆ ಶೇಕಡ 25 ಎಂದುಕೊಂಡರೆ ವ್ಯಯವಾಗುವ ಶಕ್ತಿ ಸುಮಾರು 35 ಕಿಲೋಜೂಲ್. ಇದು 2 ಗ್ರಾಂಗಿಂತ ತುಸು ಹೆಚ್ಚು ಗ್ಲೂಕೋಸ್‌ಗೆ ಸಮ. ಇಡೀ ರಕ್ತದಲ್ಲಿರುವ ಗ್ಲೂಕೋಸ್ ಸುಮಾರು 5 ಗ್ರಾಂ, ಒಂದು ಚಮಚ ಸಕ್ಕರೆಯಷ್ಟು! ರಕ್ತದ ಗ್ಲೂಕೋಸನ್ನೇ ನಂಬಿದರೆ ಮೂರನೆಯ ಮರದ ತುದಿ ಮುಟ್ಟಲಾಗದು. ಹಾಗಾಗದಂತೆ ನೋಡಿಕೊಳ್ಳುವುದೇ ಹಾರ್ಮೋನುಗಳ ನಿಜವಾದ ಕೆಲಸ. ಇನ್ಸುಲಿನ್ ಇಳಿಯುತ್ತದೆ, ಗ್ಲುಕಗಾನ್ ಏರುತ್ತದೆ, ಯಕೃತ್ತು ತನ್ನ ಸಂಗ್ರಹದಿಂದ ಗ್ಲೂಕೋಸನ್ನು ರಕ್ತಕ್ಕೆ ಬಿಡುತ್ತದೆ. ಶ್ರಮ ಮುಂದುವರಿದಂತೆ ಕಾರ್ಟಿಸಾಲ್, ಬೆಳವಣಿಗೆಯ ಹಾರ್ಮೋನು ಕೈಜೋಡಿಸಿ ಕೊಬ್ಬನ್ನೂ ಇಂಧನವಾಗಿ ಒದಗಿಸುತ್ತವೆ. ಇವುಗಳ ಗತಿ ಸೆಕೆಂಡುಗಳದ್ದಲ್ಲ, ನಿಮಿಷ ಗಂಟೆಗಳದ್ದು. ಅಡ್ರಿನಲಿನ್ ರಕ್ತದಲ್ಲಿ ಎರಡು ಮೂರು ನಿಮಿಷಗಳಲ್ಲಿ ಅರ್ಧಕ್ಕಿಳಿದರೆ, ಕಾರ್ಟಿಸಾಲ್‌ಗೆ ಗಂಟೆಗೂ ಹೆಚ್ಚು ಬೇಕಾಗಬಹುದು.

ಮೂರನೆಯ ಪ್ರಶ್ನೆಯೇ ಹೆಚ್ಚು ಗಂಭೀರವಾದದ್ದು. 'ಇನ್ಸುಲಿನ್ ಗ್ಲೂಕೋಸನ್ನು ಜೀವಕೋಶದೊಳಗೆ ಸೇರಿಸುತ್ತದೆ' ಎಂದಷ್ಟೇ ಕಲಿತ ಜಾಣ ವಿದ್ಯಾರ್ಥಿ, ವ್ಯಾಯಾಮದಲ್ಲಿ ಇನ್ಸುಲಿನ್ ಏರಬೇಕೆಂದು ತರ್ಕಿಸುತ್ತಾನೆ. ವಾಸ್ತವ ಇದಕ್ಕೆ ವಿರುದ್ಧ. ಸಂಕುಚಿಸುವ ಸ್ನಾಯು ಇನ್ಸುಲಿನ್ ನೆರವಿಲ್ಲದೆಯೂ ಗ್ಲೂಕೋಸನ್ನು ಒಳಗೆಳೆದುಕೊಳ್ಳಬಲ್ಲದು. ಆದ್ದರಿಂದಲೇ ಮೇದೋಜೀರಕ ಗ್ರಂಥಿ ತನ್ನ ಕೈ ಹಿಂದೆಗೆದುಕೊಳ್ಳುತ್ತದೆ.

ಇದು ಅಂಕಗಳ ವಿಷಯ ಮಾತ್ರವಲ್ಲ. ಮಧುಮೇಹಕ್ಕಾಗಿ ಇನ್ಸುಲಿನ್ ಚುಚ್ಚಿಸಿಕೊಳ್ಳುವ ಮಗು ಆಟಕ್ಕಿಳಿದಾಗ, ಚುಚ್ಚಿದ ಇನ್ಸುಲಿನ್ ತಾನಾಗಿ ಹಿಂದೆ ಸರಿಯದು. ಸ್ನಾಯುವೂ ಇನ್ಸುಲಿನ್ನೂ ಒಟ್ಟಿಗೆ ಎಳೆದು ಗ್ಲೂಕೋಸ್ ಅಪಾಯದ ಮಟ್ಟಕ್ಕೆ ಕುಸಿಯಬಹುದು. ಆಟ ಮುಗಿದ ಎಷ್ಟೋ ಗಂಟೆಗಳ ಬಳಿಕವೂ ಹೀಗಾಗಬಹುದು. ಆಗ ಕಾಣುವ ನಡುಕ, ಬೆವರು, ಎದೆಬಡಿತ ಅಡ್ರಿನಲಿನ್ನಿನ ಎಚ್ಚರಿಕೆಯ ಗಂಟೆ. ಮೈದಾನದಲ್ಲಿ ಅದನ್ನು ದಣಿವೆಂದು ತಿಳಿಯುವುದು ಸುಲಭ. ಪಾಠ ಸರಿಯಾಗಿ ಕಲಿಸಿದ ಶಿಕ್ಷಕರು ಆಟ ನಿಲ್ಲಿಸಿ ಸಕ್ಕರೆ ಅಥವಾ ಗ್ಲೂಕೋಸ್ ಕೊಡುತ್ತಾರೆ. ಪ್ರಜ್ಞೆ ತಪ್ಪಿದ್ದರೆ ಬಾಯಿಗೆ ಏನನ್ನೂ ಹಾಕದೆ ಕೂಡಲೇ ಆಸ್ಪತ್ರೆಗೆ ಸಾಗಿಸುತ್ತಾರೆ.

ಪಠ್ಯವನ್ನು ಪೂರ್ತಿ ಬದಲಿಸಬೇಕಾಗಿಲ್ಲ. ಆ ಕೋಷ್ಟಕಕ್ಕೆ ಎರಡು ಕಂಬಸಾಲುಗಳನ್ನು ಸೇರಿಸಿದರೆ ಸಾಕು: 'ಶ್ರಮದಲ್ಲಿ ಏರಿಕೆಯೋ ಇಳಿಕೆಯೋ', 'ಪರಿಣಾಮಕ್ಕೆ ಬೇಕಾದ ಕಾಲ'. ಜೊತೆಗೊಂದು ಚಟುವಟಿಕೆಯಿರಲಿ. ಓಟಕ್ಕೆ ಸಾಲಾಗಿ ನಿಂತಾಗ, ಓಡಿದ ತಕ್ಷಣ, ಐದು ನಿಮಿಷಗಳ ನಂತರ ಮಕ್ಕಳು ತಮ್ಮ ನಾಡಿಯನ್ನು ಎಣಿಸಿ ಗ್ರಾಫ್ ಬರೆಯಲಿ. ಓಡುವ ಮೊದಲೇ ನಾಡಿ ಏಕೆ ಏರಿತು, ನಿಂತ ಮೇಲೂ ಏಕೆ ಕೂಡಲೇ ಇಳಿಯಲಿಲ್ಲ ಎಂದು ಅವರೇ ಕೇಳುತ್ತಾರೆ. ಶಿಕ್ಷಕರು ಪಾಠವನ್ನು ಅಲ್ಲಿಂದ ಆರಂಭಿಸಬಹುದು. ಅದಕ್ಕೆ ಬೇಕಾದ ಉಪಕರಣ ಒಂದು ಕೈಗಡಿಯಾರ ಮಾತ್ರ.