ಹಿಜ್ಕೀಯನಿಗೆ ದೊರೆತ 15 ವರ್ಷಗಳು

ಜುದೇಯದ ಅರಸ ಹಿಜ್ಕೀಯನು ಮರಣಕರವಾದ ರೋಗಕ್ಕೆ ತುತ್ತಾಗಿ, ಗೋಡೆಯ ಕಡೆಗೆ ಮುಖ ತಿರುಗಿಸಿ ಅತ್ತ ಪ್ರಸಂಗ ಬೈಬಲಿನ ಅರಸರ ಚರಿತ್ರೆಯಲ್ಲಿ ಬರುತ್ತದೆ. ದೇವರು ಅವನ ಮೊರೆಯನ್ನಾಲಿಸಿ 15 ವರ್ಷಗಳ ಆಯುಷ್ಯವನ್ನು ಕೂಡಿಸಿದರು. ಪ್ರವಾದಿ ಯೆಶಾಯನು ಹುಣ್ಣಿನ ಮೇಲೆ ಅಂಜೂರದ ಹಣ್ಣಿನ ಮುದ್ದೆಯನ್ನು ಕಟ್ಟಿಸಿದನೆಂಬ ವಿವರವೂ ಅಲ್ಲಿದೆ. ಪ್ರಾರ್ಥನೆಯು ಔಷಧವನ್ನು ದೂರವಿಡಲಿಲ್ಲ. ಪ್ರವಚನಗಳಲ್ಲಿ ನಾವು ಸಾಮಾನ್ಯವಾಗಿ ಇಲ್ಲಿಗೇ ನಿಲ್ಲಿಸುತ್ತೇವೆ. ಆದರೆ ಕಥೆ ಮುಂದುವರಿಯುತ್ತದೆ. ಗುಣಮುಖನಾದ ಅರಸ ಬಾಬಿಲೋನಿನ ರಾಯಭಾರಿಗಳಿಗೆ ತನ್ನ ಭಂಡಾರವನ್ನೆಲ್ಲ ತೆರೆದು ತೋರಿಸಿದ. ಇದೆಲ್ಲವೂ ಒಂದು ದಿನ ಸೂರೆಯಾಗುವುದು, ನಿನ್ನ ಸಂತತಿ ಸೆರೆ ಹೋಗುವುದು ಎಂದು ಪ್ರವಾದಿ ಎಚ್ಚರಿಸಿದಾಗ, ತನ್ನ ಕಾಲದಲ್ಲಿ ನೆಮ್ಮದಿಯಿದ್ದರೆ ಸಾಕೆಂದು ಸಮಾಧಾನಪಟ್ಟುಕೊಂಡ. ಅವನ ನಂತರ ಪಟ್ಟಕ್ಕೆ ಬಂದ ಮಗ ಮನಸ್ಸೆಗೆ ಆಗ 12 ವರ್ಷ. ಎಂದರೆ, ಜುದೇಯದ ಅತ್ಯಂತ ದುಷ್ಟ ಅರಸನೆಂದು ಹೆಸರಾದವನು ಹುಟ್ಟಿದ್ದು ಆ ಹೆಚ್ಚುವರಿ ವರ್ಷಗಳಲ್ಲಿಯೇ!

2025ರ ಜನವರಿ 1ರಂದು ನೆಟ್‌ಫ್ಲಿಕ್ಸ್‌ನಲ್ಲಿ ಬಿಡುಗಡೆಯಾದ ‘ಡೋಂಟ್ ಡೈ’ ಎಂಬ ಸಾಕ್ಷ್ಯಚಿತ್ರವನ್ನು ನೋಡುತ್ತಿದ್ದಾಗ ಈ ಅರಸನ ನೆನಪು ಬಿಡದೆ ಕಾಡಿತು. ನಿರ್ದೇಶಕ ಕ್ರಿಸ್ ಸ್ಮಿತ್. ಕಥಾನಾಯಕ ಅಮೆರಿಕದ ಬ್ರಯಾನ್ ಜಾನ್ಸನ್, 1977ರಲ್ಲಿ ಜನಿಸಿದವರು. ಹಣ ಪಾವತಿಗೆ ಸಂಬಂಧಿಸಿದ ತಮ್ಮ ಬ್ರೈನ್‌ಟ್ರೀ ಸಂಸ್ಥೆಯನ್ನು 2013ರಲ್ಲಿ 80 ಕೋಟಿ ಡಾಲರಿಗೆ ಪೇಪಾಲ್‌ಗೆ ಮಾರಿದವರು. 2021ರಲ್ಲಿ ಆರಂಭಿಸಿದ ‘ಬ್ಲೂಪ್ರಿಂಟ್’ ಯೋಜನೆಯಡಿ ತಮ್ಮ ದೇಹದ ಮುಪ್ಪನ್ನು ಹಿಮ್ಮೆಟ್ಟಿಸಲು ವರ್ಷಕ್ಕೆ ಸುಮಾರು 20 ಲಕ್ಷ ಡಾಲರ್ ವೆಚ್ಚ ಮಾಡುತ್ತಿದ್ದಾರೆಂಬ ಸುದ್ದಿ ಜಗತ್ತಿನಾದ್ಯಂತ ಹಬ್ಬಿತು. ನಸುಕಿನಲ್ಲಿ ಏಳುವುದು, ದಿನದ ಕೊನೆಯ ಊಟವನ್ನು ಮಧ್ಯಾಹ್ನಕ್ಕೆ ಮೊದಲೇ ಮುಗಿಸುವುದು, ರಾತ್ರಿ ಎಂಟೂವರೆಗೆ ಮಲಗುವುದು, ರಾಶಿ ರಾಶಿ ಮಾತ್ರೆಗಳನ್ನು ನುಂಗುವುದು, ಪ್ರತಿಯೊಂದು ಅಂಗವನ್ನೂ ಅಳೆಯುವುದು ಅವರ ದಿನಚರಿ. ದೇಹವನ್ನು ಯಂತ್ರದಂತೆ ಬಿಚ್ಚಿ ತಿದ್ದುವ ಈ ಹವ್ಯಾಸಕ್ಕೆ ‘ಬಯೋಹ್ಯಾಕಿಂಗ್’ ಎಂಬ ಹೆಸರಿದೆ.

ಈ ಮನುಷ್ಯನನ್ನು ಗೇಲಿ ಮಾಡುವುದು ಬಹಳ ಸುಲಭ. ಚಿತ್ರ ಆ ಸುಲಭದ ದಾರಿ ಹಿಡಿದಿಲ್ಲವೆಂಬುದು ಅದರ ದೊಡ್ಡ ಗುಣ. ಜಾನ್ಸನ್ ಬೆಳೆದದ್ದು ಮೋರ್ಮನ್ ಪಂಥದಲ್ಲಿ. ವ್ಯಾಪಾರದಲ್ಲಿ ಏಳಿಗೆ ಕಾಣುತ್ತಿದ್ದ ವರ್ಷಗಳಲ್ಲಿಯೇ ಅವರು ತೀವ್ರ ಖಿನ್ನತೆಗೆ ಒಳಗಾದರು, ರಾತ್ರಿಯ ವೇಳೆ ಮಿತಿಮೀರಿ ತಿಂದು ಮೈ ಬೆಳೆಸಿಕೊಂಡರು, ವಿಶ್ವಾಸ ತೊರೆದರು, ದಾಂಪತ್ಯ ಮುರಿಯಿತು. ನಿಯಮಗಳಿಂದ ತುಂಬಿದ್ದ ಬಾಳು ಬರಿದಾದಾಗ ಅವರು ಹೊಸ ನಿಯಮಗಳನ್ನು ಕಟ್ಟಿಕೊಂಡರು. ಉಪವಾಸವುಂಟು, ವೇಳಾಪಟ್ಟಿಯುಂಟು, ದಿನವೂ ಆತ್ಮಶೋಧನೆಯಂತಹ ಅಳತೆಯುಂಟು. ಪಾಪನಿವೇದನೆಯ ಬದಲು ರಕ್ತಪರೀಕ್ಷೆಯ ವರದಿ. ಮಠಜೀವನದ ಬಾಹ್ಯರೂಪವೆಲ್ಲ ಇಲ್ಲಿದೆ, ಮಠದ ಗಂಟೆ ಯಾರನ್ನು ನೆನೆಯಲು ಬಾರಿಸುತ್ತಿತ್ತೋ ಅವರೊಬ್ಬರು ಮಾತ್ರ ಇಲ್ಲ. 2025ರಲ್ಲಿ ಜಾನ್ಸನ್ ‘ಸಾಯಬೇಡ’ ಎಂಬುದನ್ನು ಧರ್ಮವೆಂದೇ ಕರೆಯತೊಡಗಿದಾಗ, ಚಿತ್ರ ನೋಡಿದವರಿಗೆ ಅಚ್ಚರಿಯಾಗಿರಲಾರದು.

ವೈಜ್ಞಾನಿಕ ದೃಷ್ಟಿಯಿಂದಲೂ ತಕರಾರುಗಳಿವೆ. ಒಬ್ಬನೇ ವ್ಯಕ್ತಿ ಏಕಕಾಲಕ್ಕೆ ನೂರು ಉಪಾಯಗಳನ್ನು ಮಾಡಿದರೆ ಯಾವುದರಿಂದ ಏನಾಯಿತೆಂದು ಹೇಳುವುದು ಅಸಾಧ್ಯ. ಚಿತ್ರದಲ್ಲಿ ವಿಜ್ಞಾನಿಗಳು ಈ ಆಕ್ಷೇಪವನ್ನು ಎತ್ತುತ್ತಾರೆ, ಆದರೆ ಅವರ ಮಾತು ಮುಗಿಯುವಷ್ಟರಲ್ಲಿ ಕ್ಯಾಮರಾ ಮತ್ತೆ ನಾಯಕನ ಹೊಳೆಯುವ ಚರ್ಮದತ್ತ ಹೊರಳುತ್ತದೆ. ಹೊಂಡುರಾಸಿನ ರೊವಾಟಾನ್ ದ್ವೀಪಕ್ಕೆ ಹೋಗಿ ಅವರು ವಂಶವಾಹಿ ಚಿಕಿತ್ಸೆ ಪಡೆಯುವ ಭಾಗವಂತೂ ಸಾಹಸಕಥೆಯ ಧಾಟಿಯಲ್ಲಿದೆ. ಸುಮಾರು ಐದು ವರ್ಷ ಸೇವಿಸಿದ ರಾಪಮೈಸಿನ್ ಎಂಬ ಔಷಧವನ್ನು ಚರ್ಮದ ಸೋಂಕು, ರಕ್ತದ ಸಕ್ಕರೆಯ ಏರಿಕೆ ಮುಂತಾದ ತೊಂದರೆಗಳಿಂದಾಗಿ 2024ರಲ್ಲಿ ಅವರೇ ಕೈಬಿಟ್ಟರು. ಮೇಲಾಗಿ, ಅವರದೇ ಸಂಸ್ಥೆ ಆಲಿವ್ ಎಣ್ಣೆಯಿಂದ ಹಿಡಿದು ಪೌಷ್ಟಿಕ ಪುಡಿಗಳವರೆಗೆ ಮಾರಾಟ ಮಾಡುತ್ತದೆ. ಬೋಧಕನೇ ಅಂಗಡಿಕಾರನಾದಾಗ ಕೇಳಬೇಕಾದ ಪ್ರಶ್ನೆಯನ್ನು ನಿರ್ದೇಶಕರು ಗಟ್ಟಿಯಾಗಿ ಕೇಳಿಲ್ಲವೆಂಬುದೇ ನನ್ನ ಮುಖ್ಯ ದೂರು.

ಮಗ ಟಾಲ್ಮೇಜ್‌ನ ಪ್ರಸಂಗಕ್ಕೆ ಬರೋಣ. 2023ರಲ್ಲಿ ಮಗನ ರಕ್ತದಿಂದ ಬೇರ್ಪಡಿಸಿದ ಪ್ಲಾಸ್ಮಾವನ್ನು ತಂದೆಗೂ, ತಂದೆಯದನ್ನು ಎಪ್ಪತ್ತರ ಅಜ್ಜನಿಗೂ ಕೊಡಲಾಯಿತು. ಎಳೆಯರ ಪ್ಲಾಸ್ಮಾದಿಂದ ಮುಪ್ಪು ತಗ್ಗುವುದೆಂಬುದಕ್ಕೆ ಆಧಾರವಿಲ್ಲವೆಂದು ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ 2019ರಲ್ಲಿಯೇ ಎಚ್ಚರಿಸಿತ್ತು. ತನಗೆ ಪ್ರಯೋಜನ ಕಾಣಲಿಲ್ಲವೆಂದು ಜಾನ್ಸನ್ ಕೂಡ ಒಪ್ಪಿಕೊಂಡರು. ಪತ್ರಿಕೆಗಳು ಇದನ್ನು ರಕ್ತಪಿಶಾಚಿಯ ಕಥೆಯಂತೆ ಬಣ್ಣಿಸಿದ್ದವು. ಚಿತ್ರದಲ್ಲಿ ಕಾಣುವುದು ಬೇರೆಯೇ. ಅಗಲಿಕೆಯ ನಂತರ ಮತ್ತೆ ಸಿಕ್ಕ ಮಗನೊಡನೆ ಒಂದೇ ಮೇಜಿಗೆ ಕುಳಿತು ಉಣ್ಣುವ ಒಬ್ಬ ತಂದೆ. ಮಗ ಕಾಲೇಜಿಗೆ ಹೊರಡುವ ದಿನ ಸಮೀಪಿಸಿದಂತೆ ಆ ತಂದೆಯ ಕಣ್ಣು ತುಂಬುತ್ತದೆ. ಯಾವ ಯಂತ್ರವೂ ಅಳೆಯದ ಈ ಕಣ್ಣೀರಿನಲ್ಲಿ ಅವರು ಹಿಂದೆಂದಿಗಿಂತಲೂ ಹೆಚ್ಚು ಜೀವಂತರಾಗಿ ತೋರುತ್ತಾರೆ. ಆಯುಷ್ಯವನ್ನು ಯಾರಿಗಾಗಿ ಬೇಡುತ್ತಿದ್ದಾರೆಂಬುದು ಅಲ್ಲಿ ಹೊರಬಿತ್ತು. ಚಿತ್ರ ಅದನ್ನು ತೋರಿಸಿತು, ಆದರೆ ಅದರ ಮುಂದೆ ನಿಂತು ಯೋಚಿಸಲಿಲ್ಲ.

ಬೇಗ ಉಣ್ಣುವುದು, ಬೇಗ ಮಲಗುವುದು, ನಡೆಯುವುದು, ಸೊಪ್ಪು ತರಕಾರಿ ತಿನ್ನುವುದು, ಮದ್ಯ ಬಿಡುವುದು: ಜಾನ್ಸನ್ ಹೇಳುವುದರಲ್ಲಿ ಗಟ್ಟಿಯಾಗಿ ನಿಲ್ಲುವ ಭಾಗ ಇಷ್ಟೇ. ನಮ್ಮ ಅಜ್ಜಿಯರು ಇದನ್ನೆಲ್ಲ ಕಾಸಿಲ್ಲದೆ ಮಾಡಿದ್ದರೆಂದು ಬೀಗುವವರಿದ್ದಾರೆ. ಅವರಿಗೆ ಒಂದು ಮಾತು. ಸ್ವಾತಂತ್ರ್ಯದ ವೇಳೆ ಭಾರತೀಯರ ಸರಾಸರಿ ಆಯುಷ್ಯ ಸುಮಾರು 32 ವರ್ಷ. ಈಗ ಅದು 70ರ ಆಸುಪಾಸು. ಹೆಚ್ಚಿದ ಈ ವರ್ಷಗಳು ಬಂದದ್ದು ಲಸಿಕೆಯಿಂದ, ಶುದ್ಧ ನೀರಿನಿಂದ, ಹೆರಿಗೆಯ ಆರೈಕೆಯಿಂದ. 1880ರಲ್ಲಿ ಮಂಗಳೂರಿನ ಕಂಕನಾಡಿಯಲ್ಲಿ ಫಾದರ್ ಮುಲ್ಲರ್ ಬಡವರಿಗೆ ಔಷಧ ಹಂಚತೊಡಗಿದಾಗ, 1886ರಲ್ಲಿ ಬೆಂಗಳೂರಿನಲ್ಲಿ ಗುಡ್ ಶೆಫರ್ಡ್ ಭಗಿನಿಯರು ಸಂತ ಮಾರ್ತಾ ಆಸ್ಪತ್ರೆ ತೆರೆದಾಗ, ಅವರು ಲೆಕ್ಕ ಹಾಕಿದ್ದು ಪರರ ಆಯುಷ್ಯವನ್ನು. ಜಾನ್ಸನ್ ಭಾರತಕ್ಕೆ ಬಂದಾಗ ಗಾಳಿ ಮಲಿನವಾಗಿದೆಯೆಂದು ಸಂದರ್ಶನವೊಂದನ್ನು ಅರ್ಧಕ್ಕೇ ನಿಲ್ಲಿಸಿದ್ದು ಸುದ್ದಿಯಾಯಿತು. ಅವರು ಹೇಳಿದ್ದು ನಿಜ, ನಮ್ಮ ನಗರಗಳ ಗಾಳಿ ಕೆಟ್ಟಿದೆ. ಅವರೇನೋ ಎದ್ದು ಹೋದರು. ಅದೇ ಗಾಳಿಯಲ್ಲಿ ರಸ್ತೆ ಗುಡಿಸುವ ಹೆಂಗಸು ಎಲ್ಲಿಗೆ ಎದ್ದು ಹೋಗಬೇಕು?

ಮುಪ್ಪನ್ನು ಕುರಿತು ನಿಜವಾಗಿ ತಿಳಿಯಬಯಸುವವರಿಗೆ ನಾನು ಸೂಚಿಸುವುದು ಕ್ಯಾಮರಾ ಇಲ್ಲದ ಇನ್ನೊಂದು ಪ್ರಯೋಗವನ್ನು. 1986ರಲ್ಲಿ ಡೇವಿಡ್ ಸ್ನೋಡನ್ ಎಂಬ ವಿಜ್ಞಾನಿ ಅಮೆರಿಕದ ನೋತ್ರ್ ದಾಮ್ ಶಾಲಾ ಭಗಿನಿಯರ ಸಭೆಯ ಧರ್ಮಭಗಿನಿಯರಲ್ಲಿ ಮರೆವಿನ ರೋಗದ ಅಧ್ಯಯನ ಆರಂಭಿಸಿದರು. 678 ಮಂದಿ ಭಗಿನಿಯರು ಪ್ರತಿವರ್ಷ ಪರೀಕ್ಷೆಗೊಳಗಾಗಲು ಮಾತ್ರವಲ್ಲ, ಮರಣಾನಂತರ ತಮ್ಮ ಮಿದುಳನ್ನು ದಾನ ಮಾಡಲೂ ಒಪ್ಪಿದರು. ಅವರಲ್ಲಿ ಸಿಸ್ಟರ್ ಮೇರಿ ಎಂದು ಹೆಸರಾದವರು 101ರ ವಯಸ್ಸಿನಲ್ಲಿ ತೀರಿಕೊಂಡರು. ಕೊನೆಯವರೆಗೂ ಅವರ ಬುದ್ಧಿ ಚುರುಕಾಗಿತ್ತು; ಮಿದುಳನ್ನು ಪರೀಕ್ಷಿಸಿದಾಗ ಆಲ್ಜೈಮರ್ ರೋಗದ ಗುರುತುಗಳು ಧಾರಾಳವಾಗಿ ಕಂಡವು. ಯೌವನದಲ್ಲಿ ಬರೆದ ಆತ್ಮಕಥನಗಳಲ್ಲಿ ಸಂತೋಷ, ಕೃತಜ್ಞತೆಗಳನ್ನು ಹೆಚ್ಚಾಗಿ ವ್ಯಕ್ತಪಡಿಸಿದ್ದ ಭಗಿನಿಯರು ಹೆಚ್ಚು ಕಾಲ ಬದುಕಿದರೆಂಬ ವರದಿ 2001ರಲ್ಲಿ ಪ್ರಕಟವಾಯಿತು. ಇದನ್ನೂ ದೀರ್ಘಾಯುಷ್ಯದ ಗುಳಿಗೆಯೆಂದು ಮಾರುವವರು ಇರಬಹುದು. ಆ ಭಗಿನಿಯರಾದರೋ ಹೆಚ್ಚು ದಿನ ಬದುಕಲೆಂದು ಅವನ್ನು ಬರೆದಿರಲಿಲ್ಲ. ನವದೀಕ್ಷಿತರಾಗಿದ್ದ ಕಾಲದಲ್ಲಿ ಮೇಲಧಿಕಾರಿಗಳು ಕೇಳಿದರೆಂದು ಒಂದೆರಡು ಪುಟ ಬರೆದುಕೊಟ್ಟು, ಮರುದಿನ ಮಕ್ಕಳಿಗೆ ಪಾಠ ಹೇಳಲು ಹೊರಟುಹೋಗಿದ್ದರು.