ಗದ್ದಿಯ ಗಡಸು, ಶೋರೂಮಿನ ನಯ

ಸೌಕಾರ್‌ಪೇಟೆಯಲ್ಲಿ ಗಿರಾಕಿಗೆ ಮರ್ಯಾದೆ ಇಲ್ಲ ಎಂಬ ದೂರು ಚೆನ್ನೈನ ಕನ್ನಡ ಮನೆಗಳಲ್ಲಿ ಆಗಾಗ ಕೇಳಿಬರುತ್ತದೆ. ಮದುವೆ ಜವಳಿಗೆಂದು ಮಿಂಟ್ ಸ್ಟ್ರೀಟಿಗೆ ಹೋಗಿ, ತಳ್ಳುಗಾಡಿ, ಸ್ಕೂಟರು, ಮೂಟೆ ಹೊತ್ತ ಕೂಲಿಗಳ ನಡುವೆ ದಾರಿ ಮಾಡಿಕೊಂಡು, ಕಡಿದಾದ ಮೆಟ್ಟಿಲು ಹತ್ತಿ ಸಗಟು ಅಂಗಡಿ ಸೇರಿದರೆ, ಗದ್ದಿಯ ಮೇಲೆ ಕೂತ ಸೇಟು ಫೋನಿನಿಂದ ಕಣ್ಣು ಕೀಳದೆ ‘ಎತ್ತನೆ ಪೀಸ್?’ ಎನ್ನುತ್ತಾರೆ. ಒಂದೇ ಒಂದು ಎಂದಿರೋ, ಅವರ ಕೈ ಬಾಗಿಲ ಕಡೆ ಹೋಗುತ್ತದೆ. ಬೆಂಗಳೂರಿನ ಚಿಕ್ಕಪೇಟೆಯಲ್ಲಿ ‘ಬನ್ನಿ ಅಕ್ಕ, ಒಳಗೆ ನೋಡಿ ಅಕ್ಕ’ ಎಂಬ ಕೂಗಿಗೆ ಒಗ್ಗಿದ ಕಿವಿಗೆ ಇದು ಕಪಾಳಕ್ಕೆ ಹೊಡೆದಂತೆಯೇ.

ದೂರು ಸುಳ್ಳಲ್ಲ. ಆದರೆ ಅದು ಅಳೆಯುವುದು ಮಾತಿನ ಮೃದುತ್ವವನ್ನು. ಮಾರುವವನನ್ನು ಅಳೆಯಲು ನನಗೆ ಬೇರೆ ಕೋಲು ಬೇಕು. ಕೇಳಿದ್ದಕ್ಕೆ ಉತ್ತರ ಬಂತೆ? ಈ ಕೋಲಿನಲ್ಲಿ ಅಳೆದರೆ ಸೌಕಾರ್‌ಪೇಟೆ ನಾವಂದುಕೊಂಡಷ್ಟು ಕೆಳಗಿಲ್ಲ.

ಅಲ್ಲಿನ ವ್ಯಾಪಾರ ನಿಂತಿರುವುದು ವೆಲ್ಲೂರು, ಚಿತ್ತೂರು, ನೆಲ್ಲೂರಿನಂಥ ಊರುಗಳಿಂದ ಬರುವ ಸಣ್ಣ ಅಂಗಡಿಕಾರರ ಮೇಲೆ. ಬೆಳಗಿನ ರೈಲಿಗೆ ಸೆಂಟ್ರಲ್‌ನಲ್ಲಿ ಇಳಿದವನು ಸಂಜೆಯೊಳಗೆ ಮಾಲು ಆರಿಸಿ, ಲಾರಿ ಪಾರ್ಸೆಲ್‌ಗೆ ಹಾಕಿ, ರಾತ್ರಿ ಊರು ಸೇರಬೇಕು. ಅವನಿಗೆ ಉಪಚಾರಕ್ಕಿಂತ ರೇಟು ಮುಖ್ಯ. ಡಜನ್ನಿಗೆ ಎಷ್ಟು, ಸೆಟ್ಟಿನಲ್ಲಿ ಎಷ್ಟು ಬಣ್ಣ, ಇದೇ ಲಾಟಿನಲ್ಲಿ ಇನ್ನೆಷ್ಟು ಮಾಲಿದೆ, ಬಿಲ್ಲು ಹೇಗೆ. ನಾಲ್ಕಕ್ಕೂ ಒಂದೇ ಉಸಿರಿನಲ್ಲಿ ಉತ್ತರ ಸಿಗುತ್ತದೆ, ಏಕೆಂದರೆ ಉತ್ತರ ಹೇಳುವವನು ಬಹುಮಟ್ಟಿಗೆ ಮಾಲೀಕನೇ, ಇಲ್ಲವೇ ಅವನ ತಮ್ಮನೋ ಮಗನೋ. ಬಿಳಿ ಹಾಸಿನ ಮೇಲೆ ಮಾರುವವನೂ ಕೂತಿರುತ್ತಾನೆ, ಕೊಳ್ಳುವವನೂ ಕೂರುತ್ತಾನೆ. ಹತ್ತಿರದ ಎನ್.ಎಸ್.ಸಿ. ಬೋಸ್ ರಸ್ತೆಯ ಸೀನಾ ಭಾಯಿ ಟಿಫಿನ್ ಸೆಂಟರಿನದೂ ಇದೇ ಜಾಯಮಾನ. ಸಿಗುವುದು ತುಪ್ಪದ ಇಡ್ಲಿ, ಊತಪ್ಪ ಎರಡೇ. ‘ಏನಿದೆ?’ ಎಂದು ಕೇಳುವ ಪ್ರಮೇಯವೇ ಬರುವುದಿಲ್ಲ.

ಈಗ ಇದೇ ಕೋಲು ಹಿಡಿದು ಟ್ರ್ಯಾಕ್ಟರ್ ಶೋರೂಮಿಗೆ ಬನ್ನಿ. (ಸೌಕಾರ್‌ಪೇಟೆಯಲ್ಲಿ ಟ್ರ್ಯಾಕ್ಟರ್ ಸಿಗುವುದಿಲ್ಲ, ಆ ಗಲ್ಲಿಗಳಲ್ಲಿ ಅದನ್ನು ತಿರುಗಿಸುವುದೂ ಕಷ್ಟ.) ನಮ್ಮ ಭಾವ ಈರೋಡ್ ಜಿಲ್ಲೆಯ ತಾಳವಾಡಿಯ ಕಡೆಯವರು. ಮಾತು ಕನ್ನಡ, ಕಾಗದಪತ್ರ ತಮಿಳು. ಟ್ರ್ಯಾಕ್ಟರ್ ಕೊಳ್ಳಲೆಂದು ಒಂದು ಶೋರೂಮಿಗೆ ಹೋದಾಗ ಅವರಿಗೆ ಕುರ್ಚಿ ಸಿಕ್ಕಿತು, ಕಾಫಿ ಸಿಕ್ಕಿತು, ‘ಅಣ್ಣಾ’ ಎಂಬ ಮಾತಂತೂ ಧಾರಾಳವಾಗಿ ಸಿಕ್ಕಿತು. ‘ನಮ್ಮದು ಕಲ್ಲು ನೆಲ. ಆರಡಿ ರೊಟಾವೇಟರ್ ಹಾಕಬೇಕು. ಪಿಟಿಒದಲ್ಲಿ ಎಷ್ಟು ಎಚ್‌ಪಿ ಸಿಗುತ್ತೆ?’ ಎಂದು ಕೇಳಿದರೆ ಸೇಲ್ಸ್‌ಮನ್ ಎಂಜಿನ್ನಿನ ಎಚ್‌ಪಿ ಹೇಳಿದ. ಎಂಜಿನ್ನಿನಲ್ಲಿ ಹುಟ್ಟುವ ಶಕ್ತಿಯೆಲ್ಲ ಪಿಟಿಒಗೆ, ಅಂದರೆ ಉಪಕರಣ ತಿರುಗಿಸುವ ಹಿಂಬದಿಯ ದಂಡಕ್ಕೆ, ಬರುವುದಿಲ್ಲ, ರೊಟಾವೇಟರ್ ತಿರುಗಿಸುವುದು ಅಲ್ಲಿಗೆ ಬಂದಷ್ಟು ಮಾತ್ರ. ಭಾವ ಮತ್ತೆ ಕೇಳಿದರು. ‘ಎಲ್ಲಾ ಎಳೆಯುತ್ತೆ ಅಣ್ಣಾ, ಧೈರ್ಯವಾಗಿ ತಗೊಳ್ಳಿ.’ ಲಿಫ್ಟ್ ಎಷ್ಟು ಕಿಲೋ ಎತ್ತುತ್ತೆ? ‘ಅದೂ ಎತ್ತುತ್ತೆ.’ ಒಟ್ಟು ಬೆಲೆ? ‘ಮ್ಯಾನೇಜರ್ ಬರಲಿ.’ ಆ ಹುಡುಗ ತಾನಾಗಿ ಕೇಳಿದ್ದು ಎರಡೇ: ಎಷ್ಟು ಎಕರೆ, ಜಮೀನಿನ ಪಟ್ಟಾ ಚಿಟ್ಟಾ ಜೆರಾಕ್ಸ್ ತಂದಿದ್ದೀರಾ.

ಎಕರೆಯ ಪ್ರಶ್ನೆ ಉಳುಮೆಯ ಲೆಕ್ಕಕ್ಕಲ್ಲ, ಸಾಲದ ಲೆಕ್ಕಕ್ಕೆ. ಇವನಿಗೆ ತಿಂಗಳ ಟಾರ್ಗೆಟ್ ಇದೆ, ಇನ್ಸೆಂಟಿವ್ ಇದೆ, ಫೈನಾನ್ಸ್ ಕಂಪನಿಯವನು ಪಕ್ಕದ ಮೇಜಿನಲ್ಲೇ ಕೂತಿದ್ದಾನೆ. ಕಲಿಸಿದ್ದು ಕಂತಿನ ಪಟ್ಟಿ, ಗೇರಿನ ಪೆಟ್ಟಿಗೆಯಲ್ಲ. ಕೊನೆಗೆ ಭಾವನಿಗೆ ಪಿಟಿಒ ಲೆಕ್ಕ ಹೇಳಿದ್ದು ಹಿಂದಿನ ಶೆಡ್ಡಿನಲ್ಲಿ ಫಿಲ್ಟರ್ ಬದಲಿಸುತ್ತಿದ್ದ ಮೆಕ್ಯಾನಿಕ್. ಯಾವ ರೊಟಾವೇಟರ್ ಹಾಕಿದರೆ ಎಂಜಿನ್ ಉಸಿರು ಕಟ್ಟುತ್ತದೆ ಎಂಬುದನ್ನೂ ಆತನೇ ಹೇಳಿದ. ಗೊತ್ತಿದ್ದವನನ್ನು ಶೆಡ್ಡಿನಲ್ಲಿಟ್ಟು ಗೊತ್ತಿಲ್ಲದವನನ್ನು ಗಾಜಿನ ಬಾಗಿಲಲ್ಲಿ ನಿಲ್ಲಿಸುವ ಏರ್ಪಾಡು ಇದು. ತಪ್ಪು ಆ ಹುಡುಗನದು ಎನ್ನಲು ನನಗೆ ಮನಸ್ಸಿಲ್ಲ. ಇದೇ ಚೆನ್ನೈನ ರಂಗನಾಥನ್ ಸ್ಟ್ರೀಟಿನ ಜವಳಿ ಅಂಗಡಿ ಹುಡುಗ ಹುಡುಗಿಯರ ಬದುಕನ್ನು ವಸಂತಬಾಲನ್ 2010ರ ‘ಅಂಗಾಡಿ ತೆರು’ ಚಿತ್ರದಲ್ಲಿ ತೋರಿಸಿದರು. ಅಂಗಡಿ ನೌಕರರಿಗೆ ಕೂರಲು ಆಸನ ಕೊಡಬೇಕೆಂದು ತಮಿಳುನಾಡು ಕಾಯ್ದೆ ತಿದ್ದಿದ್ದು 2021ರಲ್ಲಿ. ಕೂರುವ ಹಕ್ಕಿಗೂ ಕಾನೂನು ಬೇಕಾದವನಿಂದ ಮಾಲಿನ ಸಮಗ್ರ ಜ್ಞಾನ ನಿರೀಕ್ಷಿಸುವುದು ಅತಿಯಾಯಿತು.

ಬೆಲೆ ಮುಚ್ಚಿಡುವ ರೂಢಿಗೆ ಮಾತ್ರ ನಾನು ಯಾವ ರಿಯಾಯಿತಿಯನ್ನೂ ಕೊಡಲಾರೆ. 2025ರ ಸೆಪ್ಟೆಂಬರ್ 22ರಿಂದ ಟ್ರ್ಯಾಕ್ಟರ್ ಮೇಲಿನ ಜಿಎಸ್‌ಟಿ ಶೇ. 12ರಿಂದ ಶೇ. 5ಕ್ಕೆ ಇಳಿದಿದೆ. ಇಳಿದ ತೆರಿಗೆ ರೈತನ ಕೈ ಸೇರಿತೇ ಎಂದು ತಿಳಿಯಬೇಕಾದರೆ ಕೊಟೇಶನ್ನಿನಲ್ಲಿ ಗಾಡಿಯ ದರ, ತೆರಿಗೆ, ವಿಮೆ, ನೋಂದಣಿ, ಬಂಪರ್ ಹುಡ್ಡುಗಳ ಬೆಲೆ ಬೇರೆ ಬೇರೆ ಕಾಣಬೇಕು. ‘ಎಲ್ಲಾ ಸೇರಿ ಇಷ್ಟು’ ಎಂದು ಒಂದೇ ಸಾಲು ಬರೆದರೆ ಏನೂ ತಿಳಿಯುವುದಿಲ್ಲ. ಸೌಕಾರ್‌ಪೇಟೆಯ ಸೇಟು ಸ್ಟೀಲ್ ಪಾತ್ರೆಗೂ ಕಿಲೋ ದರ ಹೇಳಿ, ತೂಗಿ, ತೆರಿಗೆ ಬೇರೆ ಎಂದು ಮೊದಲೇ ಹೇಳುತ್ತಾರೆ.

ಶೋರೂಮಿನ ಅವಮಾನ ಎಂದರೆ ಎಲ್ಲರಿಗೂ ನೆನಪಾಗುವುದು 2022ರ ಜನವರಿಯ ತುಮಕೂರಿನ ಪ್ರಸಂಗ. ಬೊಲೆರೊ ಪಿಕಪ್ ಕೊಳ್ಳಲು ಹೋದ ಯುವ ರೈತನೊಬ್ಬ, ಜೇಬಲ್ಲಿ ಹತ್ತು ರೂಪಾಯಿಯೂ ಇರಲಾರದು ಎಂಬರ್ಥದ ಮಾತು ಕೇಳಬೇಕಾಯಿತು. ಆತ ಸ್ವಲ್ಪ ಹೊತ್ತಿನಲ್ಲೇ ಹತ್ತು ಲಕ್ಷ ನಗದು ತಂದು, ಇವತ್ತೇ ಗಾಡಿ ಕೊಡಿ ಎಂದ, ಕೊಡಲಾಗಲಿಲ್ಲ. ವಿಡಿಯೊ ಹರಿದಾಡಿತು, ಸಿಬ್ಬಂದಿ ಕ್ಷಮೆ ಕೇಳಿದರು, ಆ ಗಾಡಿಯ ಕಂಪನಿಯ ಮುಖ್ಯಸ್ಥ ಆನಂದ್ ಮಹೀಂದ್ರಾ ವ್ಯಕ್ತಿಯ ಘನತೆಯ ಬಗ್ಗೆ ಟ್ವೀಟ್ ಮಾಡಿದರು. ನಾವೆಲ್ಲ ಚಪ್ಪಾಳೆ ತಟ್ಟಿದೆವು. ಆ ಚಪ್ಪಾಳೆ ನನಗೆ ಈಗ ಅಷ್ಟು ಹಿಡಿಸುತ್ತಿಲ್ಲ. ರೈತ ಗೆದ್ದದ್ದು ನೋಟಿನ ಕಟ್ಟಿನಿಂದ. ಸಾಲದ ಅರ್ಜಿ ಹಿಡಿದು ಬಂದ ರೈತನ ಕಥೆಯನ್ನು ಯಾರೂ ಹಂಚಿಕೊಳ್ಳುವುದಿಲ್ಲ, ಮತ್ತು ಟ್ರ್ಯಾಕ್ಟರ್ ಕೊಳ್ಳುವವರಲ್ಲಿ ಹೆಚ್ಚಿನವರು ಅಂಥವರೇ. ಇನ್ನೊಂದು ತಮಾಷೆ: 2017ರ ಏಪ್ರಿಲ್‌ನಿಂದ ಒಂದು ವ್ಯವಹಾರಕ್ಕೆ ಎರಡು ಲಕ್ಷ ಅಥವಾ ಅದಕ್ಕಿಂತ ಹೆಚ್ಚು ನಗದು ಪಡೆಯುವುದನ್ನು ಆದಾಯ ತೆರಿಗೆ ಕಾಯ್ದೆ ನಿಷೇಧಿಸಿತ್ತು. ಸೇಡಿಗೆ ತಂದ ಹಣವನ್ನು ಎಣಿಸಿ ಪಡೆಯಲು ಅಂಗಡಿಯವರಿಗೆ ಅವಕಾಶವೇ ಇರಲಿಲ್ಲ.

ಇಷ್ಟು ಹೇಳಿ ಸೇಟುಗಳಿಗೆ ಪೂರ್ತಿ ಅಂಕ ಕೊಟ್ಟರೆ ಅನ್ಯಾಯ. ಒಂದೇ ಸೀರೆ ಬೇಕೆಂದು ಮೂರು ಮಹಡಿ ಹತ್ತಿದ ಹೆಂಗಸಿಗೆ ‘ಚಿಲ್ಲರೆ ಇಲ್ಲ’ ಎಂಬ ಬೋರ್ಡು ಕೆಳಗಿನ ಬಾಗಿಲಲ್ಲೇ ಕಾಣಬೇಕಿತ್ತು. ಎಷ್ಟೋ ಕಡೆ ಅದು ಇರುವುದಿಲ್ಲ. ಪಕ್ಕಾ ಬಿಲ್ಲಿನ ಬದಲು ಪೆನ್ಸಿಲ್ ಚೀಟಿ ಕೊಡುವವರು ಇದ್ದಾರೆ. ‘ಮಾರಿದ ಮಾಲು ವಾಪಸಿಲ್ಲ’ ಎಂಬ ಬರಹ ಮಾತ್ರ ಎದ್ದು ಕಾಣುತ್ತದೆ. 2020ರ ಜುಲೈನಲ್ಲಿ ಜಾರಿಗೆ ಬಂದ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ ಪ್ರಕಾರ ಬಿಲ್ಲು ಕೊಡದಿರುವುದೂ ಅನುಚಿತ ವ್ಯಾಪಾರವೇ, ದೋಷವಿರುವ ಮಾಲನ್ನು ಬಿಲ್ಲಿನಲ್ಲಿ ಹೇಳಿದ ಅವಧಿಯಲ್ಲಿ, ಹೇಳದಿದ್ದರೆ 30 ದಿನದೊಳಗೆ, ವಾಪಸು ಪಡೆಯಲು ನಿರಾಕರಿಸುವುದೂ ಅನುಚಿತ ವ್ಯಾಪಾರವೇ. ಮರುಮಾರಾಟಕ್ಕೆ ಕೊಳ್ಳುವ ವೆಲ್ಲೂರಿನ ಅಂಗಡಿಕಾರ ಈ ಕಾಯ್ದೆಯ ಕಣ್ಣಿಗೆ ಗ್ರಾಹಕನೇ ಅಲ್ಲ. ಸ್ವಂತ ದುಡಿಮೆಯಿಂದ ಹೊಟ್ಟೆ ಹೊರೆಯಲು ಟ್ರ್ಯಾಕ್ಟರ್ ಕೊಳ್ಳುವ ರೈತ ಗ್ರಾಹಕ. ಭಾವನಿಗೆ ಇದನ್ನು ಹೇಳಿದೆ. ‘ಹಾಗಾದರೆ ಆರಡಿ ರೊಟಾವೇಟರ್ ಎಳೆಯುತ್ತೆ ಅಂತ ಕೊಟೇಶನ್ ಮೇಲೆ ಬರೆಸಿ ಸೀಲ್ ಹಾಕಿಸ್ತೀನಿ’ ಎಂದರು. ಆ ಶೋರೂಮಿನಲ್ಲಿ ಬರೆದುಕೊಡಲಿಲ್ಲ. ಬರೆದುಕೊಡುವ ಇನ್ನೊಂದನ್ನು ಹುಡುಕುತ್ತಿದ್ದಾರೆ.