ಮೂರು ವರುಷದ ಯುದ್ಧ, ಹನ್ನೊಂದು ವರುಷದ ನಗೆ

ಹಳೆಯ ದೂರದರ್ಶನದ ಹಾಸ್ಯಮಾಲಿಕೆಗಳಲ್ಲಿ ತಪ್ಪುಗಳನ್ನು ಹುಡುಕುವುದು ಸುಲಭವಾದ ವಿನೋದವೇ ಆದರೂ, ಆ ತಪ್ಪು ಏತಕ್ಕಾಗಿ ಸಂಭವಿಸಿತೆಂದು ಊಹಿಸಬಲ್ಲ ರಸಿಕನಿಗೆ ದೊರೆಯುವ ಸುಖವೇ ಬೇರೆ. ಆ ಸುಖದ ಅಭ್ಯಾಸಕ್ಕೆ ಅಮೆರಿಕದ ‘ಮ್ಯಾಶ್’ಗಿಂತ ತಕ್ಕ ಪ್ರವೇಶದ್ವಾರವನ್ನು ನಾನರಿಯೆ. 1950ರ ಜೂನ್‌ನಲ್ಲಿ ಮೊದಲಾದ ಕೊರಿಯಾ ಯುದ್ಧವು 1953ರ ಜುಲೈಯಲ್ಲಿ ಕದನವಿರಾಮವನ್ನು ಕಂಡಿತು. ಆ ರಣಭೂಮಿಯ ಸಂಚಾರಿ ಶಸ್ತ್ರಚಿಕಿತ್ಸಾಲಯವೊಂದರ ವೈದ್ಯರ ಕಥೆಯಾದ ಈ ಮಾಲಿಕೆಯಾದರೋ 1972ರಿಂದ 1983ರವರೆಗೆ ನಡೆಯಿತು. ಮೂರು ವರುಷದ ಪಾತ್ರೆಯಲ್ಲಿ ಹನ್ನೊಂದು ವರುಷದ ಹಾಲನ್ನು ಕಾಯಿಸಹೊರಟರೆ ಉಕ್ಕದೆ ಇದ್ದೀತೆ?

ಚಿಕ್ಕ ಸ್ಖಲನಗಳನ್ನು ನೋಡಿ ಬೇಗನೆ ಮುಂದುವರಿಯಬಹುದು. ನಾಯಕನಾದ ಹಾಕೈಗೆ ಆರಂಭದಲ್ಲಿ ತಾಯಿಯೂ ಸೋದರಿಯೂ ಉಂಟು. ಮುಂದೆ ತಾಯಿ ಅವನ ಬಾಲ್ಯದಲ್ಲಿಯೇ ತೀರಿಕೊಂಡಿದ್ದಾಳೆ, ಸೋದರಿ ಹುಟ್ಟಿಯೇ ಇಲ್ಲ. ಶಿಬಿರದ ಮುಖ್ಯಸ್ಥನಾದ ಕರ್ನಲ್ ಬ್ಲೇಕನ ಪತ್ನಿ ಮೊದಲು ಮಿಲ್ಡ್ರೆಡ್, ಬಳಿಕ ಲೊರೇನ್. ಬ್ಲೇಕನ ಸ್ಥಾನಕ್ಕೆ ಬಂದ ಕರ್ನಲ್ ಪಾಟರನ ಪತ್ನಿಯ ಹೆಸರು ಮಿಲ್ಡ್ರೆಡ್! (ಸೈನ್ಯದಲ್ಲಿ ಹುದ್ದೆಯೊಡನೆ ಹೆಂಡತಿಯ ಹೆಸರೂ ವರ್ಗವಾಗುವುದೋ ಏನೋ.) ವಾರಕ್ಕೊಂದು ಕಥೆಯನ್ನು ಹೊಸೆಯಬೇಕಾದ ಲೇಖಕರಿಗೆ, ನೋಡಿದುದನ್ನು ಮತ್ತೆ ತಿರುಗಿಸಿ ನೋಡುವ ಸಾಧನವು ಮನೆಮನೆಗೆ ಬಾರದಿದ್ದ ಆ ದಿನಗಳಲ್ಲಿ, ಇಂತಹ ಮರೆವು ಅಪರಾಧವಾಗಿ ತೋರಿರಲಾರದು.

ಸ್ಥಳದ ವಿಷಯದಲ್ಲಿಯೂ ಕಣ್ಣು ತೆರೆದಿರಲಿ. ಹಿನ್ನೆಲೆಯಲ್ಲಿ ಕಾಣುವ ಒಣ ಬೆಟ್ಟಗಳು ಕೊರಿಯಾದವಲ್ಲ, ಕ್ಯಾಲಿಫೋರ್ನಿಯಾದ ಮಾಲಿಬು ಪ್ರದೇಶದವು. 1982ರಲ್ಲಿ ಅಲ್ಲಿ ಕಾಳ್ಗಿಚ್ಚೆದ್ದು ಚಿತ್ರೀಕರಣದ ಬಿಡಾರವೇ ಸುಟ್ಟುಹೋದಾಗ, ನಿರ್ಮಾಪಕರು ಅದನ್ನು ಮರೆಮಾಚದೆ, ಕೊನೆಯ ಸಂಚಿಕೆಯ ಕಥೆಯೊಳಕ್ಕೇ ಆ ಬೆಂಕಿಯನ್ನು ಹೆಣೆದುಬಿಟ್ಟರು.

ಆದರೆ ನಿಧಾನವಾಗಿ ಸವಿಯತಕ್ಕುದು ಪಾಟರನ ಪ್ರಕರಣ. 1975ರಲ್ಲಿ ಪ್ರಸಾರವಾದ ಸಂಚಿಕೆಯ ಪ್ರಕಾರ ಅವನು ಶಿಬಿರಕ್ಕೆ ಬಂದುದು 1952ರ ಸೆಪ್ಟೆಂಬರ್‌ನಲ್ಲಿ. 1980ರ ‘ಎ ವಾರ್ ಫಾರ್ ಆಲ್ ಸೀಸನ್ಸ್’ ಎಂಬ ಸಂಚಿಕೆಯಲ್ಲಾದರೋ ಅದೇ ಪಾಟರನು ಅದೇ ಶಿಬಿರದಲ್ಲಿ 1951ರ ಹೊಸವರುಷವನ್ನು ಸ್ವಾಗತಿಸಿ, ಆ ಸಂವತ್ಸರವನ್ನು ಪೂರ್ತಿಯಾಗಿ ಅಲ್ಲಿಯೇ ಕಳೆಯುತ್ತಾನೆ. ಇದನ್ನು ಕೇವಲ ಅಜಾಗರೂಕತೆಯೆನ್ನಲು ನನಗೆ ಮನಸ್ಸು ಬಾರದು. ಏಕೆಂದರೆ ಆ ಸಂಚಿಕೆಯ ನಗೆಯ ತಿರುಳು ಬೇಸ್‌ಬಾಲ್ ಪಣದಲ್ಲಿದೆ. ಶಿಬಿರದ ಸಿಬ್ಬಂದಿಯವನಾದ ಕ್ಲಿಂಗರನ ಮಾತಿಗೆ ಮರುಳಾಗಿ ಅಲ್ಲಿನ ಗರ್ವಿಷ್ಠ ವೈದ್ಯ ವಿಂಚೆಸ್ಟರನು ಡಾಡ್ಜರ್ಸ್ ತಂಡದ ಮೇಲೆ ಹಣ ಕಟ್ಟುತ್ತಾನೆ. ಗೆಲುವು ಕೈಗೆಟುಕಿತೆನ್ನುವ ವೇಳೆಗೆ, 1951ರ ಅಕ್ಟೋಬರ್ 3ರಂದು, ಜೈಂಟ್ಸ್ ತಂಡದ ಬಾಬಿ ಥಾಮ್ಸನ್ ಹೊಡೆದ ಒಂದೇ ಹೊಡೆತಕ್ಕೆ ಡಾಡ್ಜರ್ಸ್ ಸೋತರೆಂಬುದು ಇತಿಹಾಸ. ಆ ಸೋಲಿಲ್ಲದೆ ಈ ಕಥೆಯಿಲ್ಲ. ಆ ಸೋಲು ಬೇಕಾದರೆ 1951ನೆಯ ಇಸವಿಯೂ ಬೇಕು. ಪಾಟರನೂ ವಿಂಚೆಸ್ಟರನೂ ಅದಕ್ಕೆ ಹಾಜರಿರಲೇಬೇಕು. ಪಂಚಾಂಗವನ್ನು ಬಲಿಕೊಟ್ಟು ವಿಂಚೆಸ್ಟರನ ಮುಖಭಂಗವನ್ನು ಕೊಂಡುಕೊಂಡ ಈ ವ್ಯಾಪಾರದಲ್ಲಿ ನೋಡುವವನಿಗೆ ಲಾಭವೇ ಹೆಚ್ಚೆಂದು ನನ್ನ ಮತ. ಹೊಸಬರು 1980ರ ಸಂಚಿಕೆಯನ್ನು ಮೊದಲು ನೋಡಿ, ಅನಂತರ 1975ರದಕ್ಕೆ ಬರುವುದು ಲೇಸು. ಪಾಟರನು ಬರುವ ಮೊದಲೇ ಬಂದಿದ್ದನೆಂಬ ತೊಡಕು ಹಾಗೆಯೇ ಉಳಿದರೂ, ಇಸವಿಗಳಾದರೂ ಕ್ರಮವಾಗಿ ಬರುತ್ತವೆ.